ಬೇವೂರು ಸಿಗವಲ್ದು!

ನಮ್ಮ ಚಿಗವ್ವನ ಎದುರಿಗೆ ಯಾವತ್ತೂ ನಿಮ್ಮ ವಿಳಾಸ ಹೇಳಬೇಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ! ಹೇಳಿದಿರೋ, ಅವಳು ಅದನ್ನು ಬೆಂಡೆಕಾಯಿಯಂತೆ ಕೈಗೆತ್ತಿಕೊಂಡು, ಹಿಂದೊಂದಿಷ್ಟು ಮುಂದೊಂದಿಷ್ಟು ಕತ್ತರಿಸಿ ನಿಮಗೇ ವಾಪಸು ಕೊಡುತ್ತಾಳೆ. "ಇಷ್ಟ ಸಾಕಲ್ಲರಿ! ಉಳಿದದ್ದು ಯಾರಿಗೆ ಬೇಕು?" ಎನ್ನುತ್ತಾಳೆ. ಅಂಚೆಯವರಿಗೆ ಬೇಕು ಎಂದು ನೀವು ಬಾಯಿ ತೆರೆಯುವಷ್ಟರಲ್ಲಿ ಅವಳು ಪಕ್ಕದ ಮನೆಯವರ ವಿಳಾಸ ಕತ್ತರಿಸಲು ಹೋಗಿರುತ್ತಾಳೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ವಯಸ್ಸು ಐವತ್ತನಾಲ್ಕು, ಉತ್ಸಾಹ ಹದಿನಾಲ್ಕು. ಉದ್ದವಾದದ್ದು ಯಾವುದನ್ನೂ ಅವಳ ಜೀವ ತಡೆಯುವುದಿಲ್ಲ. ಉದ್ದನೆಯ ಭಾಷಣ ಕೇಳಿದರೆ ಅವಳಿಗೆ ಆಕಳಿಕೆ, ಉದ್ದನೆಯ ಹೆಸರು ಕೇಳಿದರೆ ತಲೆನೋವು. ನಮ್ಮ ಸೋದರಮಾವ ತನ್ನ ಮಗಳ ಮದುವೆಯ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ಓದಿಕೊಡಲು ಇವಳ ಕೈಗೆ ಕೊಟ್ಟ. ತಪ್ಪು ಯಾರದು ಹೇಳಿ? ಮಾವನದ್ದೇ! ಕಲ್ಯಾಣ ಮಂಟಪದ ವಿಳಾಸ ನಾಲ್ಕು ಸಾಲು ಇತ್ತು: ಇಂಥ ಸೆಕ್ಟರು, ಇಂಥ ಅಡ್ಡರಸ್ತೆ, ಇಂಥ ಬ್ಯಾಂಕಿನ ಹಿಂಭಾಗ, ಇಂಥ ದವಾಖಾನೆಯ ಎದುರು. ಚಿಗವ್ವ ನಾಲ್ಕನ್ನೂ ಹೊಡೆದು ಹಾಕಿ, "ನವನಗರ ಬಸ್ ನಿಲ್ದಾಣದಲ್ಲಿ ಇಳಿಯಿರಿ, ವಾಲಗದ ಸಪ್ಪಳ ಕೇಳಿದ ಕಡೆ ಬನ್ನಿ" ಎಂದು ಬರೆದು ನೇರವಾಗಿ ಮುದ್ರಣಕ್ಕೆ ಕಳಿಸಿಬಿಟ್ಟಳು!

ಮದುವೆಯ ದಿನ ಆ ಸುತ್ತಿನಲ್ಲೇ ಮೂರು ಕಡೆ ವಾಲಗ ಊದುತ್ತಿದ್ದರು. ಅಕ್ಷತೆಯ ಹೊತ್ತಿಗೆ ನಮ್ಮ ಬೀಗರು ಅರ್ಧದಷ್ಟು ಮಂದಿ ಇಲ್ಲ. ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತ. ಸಂಜೆ ಒಬ್ಬೊಬ್ಬರೇ ತೇಗುತ್ತ ಬಂದರು.

"ಎಲ್ಲಿ ಹೋಗಿದ್ರಿ?" ಎಂದ ಮಾವ.

"ಆಚೀ ಮದಿವ್ಯಾಗ ಉಂಡ್ವಿ. ಮಾದಲಿ ಭಾಳ ಚಲೋ ಮಾಡಿದ್ರ ನೋಡ" ಎಂದರು ಅವರು.

ಚಿಗವ್ವ ಮಾತ್ರ ಕುಗ್ಗಲಿಲ್ಲ. "ನೋಡಿದ್ಯಾ? ಯಾರೂ ಉಪಾಸ ಹೋಗಲಿಲ್ಲ!" ಎಂದಳು.

ಇಂಥ ಚಿಗವ್ವನ ಜೊತೆಗೆ ನಾನು ಆರು ವರ್ಷ ಕೆಲಸ ಮಾಡಿದ್ದೇನೆ. ಬದಾಮಿಯಲ್ಲಿ ಅವಳು ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ಅರ್ಧ ಊರಿನ ಗುಮಾಸ್ತರ ಬೆರಳುಗಳಿಗೆ ಬುದ್ಧಿ ಕಲಿಸಿದವಳು. ಟೈಪ್‌ರೈಟರುಗಳ ಕಾಲ ಮುಗಿದಾಗ ಅತ್ತು ಕರೆದು ಕೂರಲಿಲ್ಲ. ಅವನ್ನೆಲ್ಲ ಗುಜರಿಗೆ ಹಾಕಿ ಒಂದು ಕಂಪ್ಯೂಟರ್ ತಂದಳು. ನಲವತ್ತೈದು ದಾಟಿದ ಮೇಲೆ ಪುಸ್ತಕ ಮುಂದಿಟ್ಟುಕೊಂಡು ಪ್ರೋಗ್ರಾಮಿಂಗ್ ಕಲಿತಳು. ಆಮೇಲೆ ಬಾಗಲಕೋಟೆಗೆ ಬಂದು, ನವನಗರದ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ತೆರೆದಳು. ನಾನು ಆಗಷ್ಟೇ ಕಂಪ್ಯೂಟರ್ ಡಿಗ್ರಿ ಮುಗಿಸಿದ್ದೆ. "ಬಾ, ಇಬ್ಬರೂ ಕೂಡಿ ಮಾಡೋಣು" ಎಂದಳು. ಹೋದೆ. ನಮ್ಮಲ್ಲಿ ಮಾಲಕಿ ಯಾರು, ನೌಕರಳು ಯಾರು ಎಂಬುದು ಆ ದಿನ ಚಹಾ ಯಾರು ಮಾಡುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಬದಾಮಿಯ ಒಂದು ವಸತಿಗೃಹ, ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ, ಪಟ್ಟದಕಲ್ಲಿನಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುವವರು, ಹೀಗೆ ಒಂದು ಹನ್ನೊಂದು ವೆಬ್‌ಸೈಟುಗಳು ನಮ್ಮ ಕೈಯಲ್ಲಿದ್ದವು. ಪುಟದ ಅಂದಚಂದ ಚಿಗವ್ವನದು, ಒಳಗಿನ ಯಂತ್ರ ನನ್ನದು.

ಈ ಒಳಗಿನ ಯಂತ್ರದಲ್ಲಿ ಒಂದು ಕಡತವಿರುತ್ತದೆ. ನೀವು ಮೊಬೈಲಿನಲ್ಲಿ ಒಂದು ವೆಬ್ ವಿಳಾಸ ಒತ್ತಿದಿರಿ ಎನ್ನಿ. "ಈ ವಿಳಾಸ ಕೇಳಿಕೊಂಡು ಬಂದವರಿಗೆ ಈ ಪುಟ ಕೊಡು, ಆ ವಿಳಾಸ ಕೇಳಿಕೊಂಡು ಬಂದವರಿಗೆ ಆ ಪುಟ ಕೊಡು" ಎಂದು ಹೇಳುವ ಪಟ್ಟಿ ಅದು. ಅಷ್ಟೇ! ಆದರೆ ನಾವು ಬಳಸುತ್ತಿದ್ದ ಫ್ರೇಮ್‌ವರ್ಕಿನಲ್ಲಿ, ಅಂದರೆ ವೆಬ್‌ಸೈಟು ಕಟ್ಟುವ ಸಿದ್ಧ ಚೌಕಟ್ಟಿನಲ್ಲಿ, ಮೊದಲಿನಿಂದ ಆ ಪಟ್ಟಿಯನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಗೂಢ ಲಿಪಿಯಲ್ಲಿ ಬರೆಯುವ ರೂಢಿ. ಕಂಸ, ಚುಕ್ಕಿ, ನಕ್ಷತ್ರ, ಪ್ರಶ್ನಾರ್ಥಕಗಳ ಜಾತ್ರೆ. ನನಗೆ ಅದು ಬಾಯಿಪಾಠ. ನಿಜ ಹೇಳಲೇ? ನನಗೆ ಆ ಲಿಪಿಯ ಮೇಲೆ ಪ್ರೀತಿಗಿಂತ ಹೆಚ್ಚಾಗಿ ಜಂಬ ಇತ್ತು. ಅದನ್ನು ಓದಬಲ್ಲವರು ಆ ಮಾಳಿಗೆಯ ಮೇಲೆ ನಾನೊಬ್ಬಳೇ! ನಾನಿಲ್ಲದಿದ್ದರೆ ಹನ್ನೊಂದು ವೆಬ್‌ಸೈಟುಗಳೂ ಅನಾಥ ಎಂಬುದು ಎಷ್ಟು ಸುಖದ ವಿಚಾರ, ನಿಮಗೆ ಗೊತ್ತಿಲ್ಲ.

ಒಂದು ದಿನ ಚಿಗವ್ವ ನನ್ನ ಬೆನ್ನ ಹಿಂದೆ ನಿಂತು ಒಂದು ಸಾಲನ್ನು ಗಟ್ಟಿಯಾಗಿ ಓದತೊಡಗಿದಳು. ಟೈಪಿಂಗ್ ಕಲಿಸಿದವಳಲ್ಲವೇ, ಒಂದು ಚಿಹ್ನೆಯನ್ನೂ ಬಿಡುವುದಿಲ್ಲ.

"ಟೊಪ್ಪಿಗಿ, ಸೀರಿ, ಓರಿಗೀಟು, ಕಂಸಾ ತಗಿ, ಪ್ರಶ್ನಿ, ಪಿ, ಬಾಣದ ಬಾಯಿ, ಐಡಿ, ಮತ್ತ ಬಾಣದ ಬಾಯಿ, ಬೆನ್ನಗೀಟು, ಡಿ, ಅಧಿಕ, ಕಂಸಾ ಮುಚ್ಚು, ಓರಿಗೀಟು, ಡಾಲರ್!" ಎಂದು ಓದಿ ಉಸಿರು ಬಿಟ್ಟಳು. "ಯವ್ವಾ, ಇದೇನ್ ವಿಳಾಸೋ, ಯಾರರೆ ಮಾಟಾ ಮಾಡಿಸಿ ತಾಯತದಾಗ ಹಾಕಿದ ಚೀಟಿಯೋ?"

"ಚಿಗವ್ವಾ, ಸಾಲಿನ ಮೊದಲು ಅಂತ ಹೇಳಾಕ ಟೊಪ್ಪಿಗಿ, ಕೊನಿ ಅಂತ ಹೇಳಾಕ ಡಾಲರ್" ಎಂದು ವಿವರಿಸಿದೆ.

"ಮೊದಲ ಯಾವುದು ಕೊನಿ ಯಾವುದು ನನಗ ಕಣ್ಣಿಗೆ ಕಾಣತೈತಲ್ಲ! ಅದಕ್ಕ ಟೊಪ್ಪಿಗಿ ಯಾಕ ಹಾಕಬೇಕು?"

ಯಂತ್ರಕ್ಕೆ ಕಣ್ಣಿಲ್ಲ ಎಂದೆ. "ನಿನಗರೆ ಅದಾವಲ್ಲ" ಎಂದಳು.

ಚಿಗವ್ವನ ಸಿಟ್ಟಿಗೆ ಕಾರಣವೂ ಇತ್ತೆನ್ನಿ. ನಾನು ಮಾಡಿದ ವಿಳಾಸಗಳನ್ನು ಫೋನಿನಲ್ಲಿ ಗಿರಾಕಿಗಳಿಗೆ ಓದಿ ಹೇಳುವ ಪಾಡು ಅವಳದು. ಇಳಕಲ್ಲಿನ ಸೀರೆ ವ್ಯಾಪಾರಿ ಒಮ್ಮೆ ತಮ್ಮ ಹೊಸ ಸೀರೆಯ ಪುಟ ಎಲ್ಲಿದೆ ಎಂದು ಕೇಳಿದರು. ಚಿಗವ್ವ ವಿಳಾಸ ಹೇಳುತ್ತ ಹೇಳುತ್ತ ಓರೆಗೀಟಿಗೆ, ಅಂದರೆ ಸ್ಲ್ಯಾಶಿಗೆ, ಬಂದು ನಿಂತಳು.

"ಓರಿಗೀಟು ಅಂದ್ರ ಯಾವ ಕಡಿ ವಾಲಿದ್ದರಿ?" ಎಂದರು ವ್ಯಾಪಾರಿ.

ಚಿಗವ್ವ ಕಿಟಕಿಯಿಂದ ಹೊರಗೆ ನೋಡಿ, "ಬದಾಮಿ ಕಡಿ ವಾಲಿದ್ದರಿ!" ಎಂದಳು.

ಆ ಕಡೆ ಕುರ್ಚಿ ತಿರುಗಿಸಿದ ಸಪ್ಪಳ. ಆಮೇಲೆ ವ್ಯಾಪಾರಿ ಬಹಳ ವಿನಯದಿಂದ ಕೇಳಿದರು: "ಇಳಕಲ್ಲಿನ್ಯಾಗ ಕುಂತ್ರ ಬದಾಮಿ ಯಾವ ಕಡಿ ಬರತೈತ್ರೀ ಅಕ್ಕಾರ?"

ಹೀಗಿರುವಾಗ ಒಂದು ಬೆಳಿಗ್ಗೆ ಆ ಘಟನೆ ನಡೆಯಿತು. ನಾನು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದೇನೆ, ಚಿಗವ್ವ ಎರಡೆರಡು ಮೆಟ್ಟಿಲು ಹಾರಿ ಇಳಿದು ಬರುತ್ತಿದ್ದಾಳೆ! ಕೈಯೆಲ್ಲ ಜೋಳದ ಹಿಟ್ಟು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಕಂಪ್ಯೂಟರ್ ನೋಡಲು ಹೋಗಿದ್ದಳಂತೆ.

"ಟೊಪ್ಪಿಗಿ ಹೋತು! ಟೊಪ್ಪಿಗಿ ಹೋತು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಎದುರು ಮನೆಯವರು ಕಳ್ಳ ಬಂದನೆಂದು ಕೋಲು ಹಿಡಿದು ಹೊರಗೆ ಬಂದರು. "ಯಾರದ್ರೀ ಟೊಪ್ಪಿಗಿ?" ಎಂದರು.

ಚಿಗವ್ವ ಫ್ರೇಮ್‌ವರ್ಕಿನ ಹೊಸ ಕೈಪಿಡಿಯನ್ನು ಓದಿಬಿಟ್ಟಿದ್ದಳು. ಈಗ ಆ ಪಟ್ಟಿಯನ್ನು ಗೂಢ ಲಿಪಿಯಲ್ಲಿ ಬರೆಯಬೇಕಾಗಿಲ್ಲ, ಸಾದಾ ಮಾತಿನಲ್ಲೇ ಬರೆಯಬಹುದು. ಟೊಪ್ಪಿಗೆ ಇಲ್ಲ, ಡಾಲರ್ ಇಲ್ಲ, ಬೆನ್ನಗೀಟಿಲ್ಲ. ಸೀರೆ, ಓರೆಗೀಟು, ಬಾಣದ ಬಾಯಿಗಳ ನಡುವೆ ಸೀರೆಯ ಸಂಖ್ಯೆ, ಮುಗಿಯಿತು! ಓಡಿಹೋಗಿ ಅಮೀನಗಡದ ಕರದಂಟಿನ ಡಬ್ಬಿ ತಂದು ಓಣಿಯಲ್ಲಿ ಹಂಚಿದಳು.

"ಯಾರಿಗೆ ಕೂಸಾತ್ರೀ?" ಎಂದು ಎದುರು ಮನೆಯವರು ಕರದಂಟು ಬಾಯಿಗೆ ಹಾಕಿಕೊಂಡೇ ಕೇಳಿದರು.

"ಕೂಸಲ್ರೀ, ಸುದ್ದಿ ಅದಕ್ಕಿಂತ ದೊಡ್ಡದೈತಿ!" ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ಲಾ, ಇದು ಬಂದು ಭಾಳ ವರ್ಷ ಆತಂತಲ್ಲ! ನಿನಗ ಗೊತ್ತಿರಲಿಲ್ಲ?"

ಗೊತ್ತಿತ್ತು. ಹೊಸ ಆವೃತ್ತಿಯನ್ನು ನಮ್ಮ ಯಂತ್ರಕ್ಕೆ ಹಾಕಿದವಳೇ ನಾನು! ಹಳೆಯ ಬರಹವೂ ಅದರಲ್ಲಿ ನಡೆಯುತ್ತಿದ್ದುದರಿಂದ ಹೊಸದನ್ನು ಸುಮ್ಮನೆ ಮುಚ್ಚಿಟ್ಟಿದ್ದೆ. "ಹೌದಾ? ನನಗೂ ಈಗ ಗೊತ್ತಾತು ನೋಡ" ಎಂದೆ.

"ಹಂಗಾರ ಇವತ್ತ ಎಲ್ಲಾ ಬದಲ ಮಾಡೋಣು!"

"ಬ್ಯಾಡ ಚಿಗವ್ವಾ. ಓಡೂ ಗಾಡಿದು ಗಾಲಿ ಬಿಚ್ಚಬಾರದು" ಎಂದು ಹಿರಿಯಳಂತೆ ಬುದ್ಧಿ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ರೊಟ್ಟಿ ಬಡಿಯಲು ಒಳಗೆ ಹೋದಳು.

ಆ ದಿನಗಳಲ್ಲೇ ನಮಗೊಂದು ಹೊಸ ಕೆಲಸ ಬಂದಿತ್ತು. ಒಬ್ಬ ಪಶುವೈದ್ಯರು ಸುತ್ತಲಿನ ಹಳ್ಳಿಗಳಲ್ಲಿ ಕುರಿಗಳಿಗೆ ಲಸಿಕೆಯ ಶಿಬಿರ ನಡೆಸುತ್ತಿದ್ದರು. ಯಾವ ಊರಲ್ಲಿ, ಯಾವ ದಿನ, ಎಲ್ಲಿ ಕೂಡಬೇಕು ಎಂದು ಕುರಿಗಾರರಿಗೆ ಮೊಬೈಲಿನಲ್ಲೇ ತಿಳಿಯಬೇಕು. ಪ್ರತಿ ಊರಿಗೂ ಒಂದು ಪುಟ ಬೇಕು ಎಂದರು. ಊರಿನ ಹೆಸರು ವಿಳಾಸದಲ್ಲೂ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವಳು ಚಿಗವ್ವ. "ಬೀರಪ್ಪನ ಗುಡಿ ಮುಂದ ಕುಂತ ಮಂದಿ ಬೇವೂರ ಅನ್ನೂದನ್ನ ಇಂಗ್ಲಿಷಿನ್ಯಾಗ ಹುಡುಕಬೇಕೇನು?" ಎಂದಳು. ನಾನು ಮಾಡಿದೆ. ನನ್ನ ಹಳೆಯ ಲಿಪಿಯಲ್ಲೇ ಮಾಡಿದೆ. ಪರೀಕ್ಷೆಯನ್ನೂ ಮಾಡಿದೆ. ವೈದ್ಯರ ಪಟ್ಟಿಯಲ್ಲಿದ್ದ ಒಂದು ಊರಿನ ಹೆಸರು ಒತ್ತಿ ನೋಡಿದೆ, ಪುಟ ಚೆಂದಾಗಿ ಬಂತು. ಯಾವ ಊರು? ಗದಗ. ಯಾಕೆ ಗದಗ? ಟೈಪ್ ಮಾಡಲು ಸುಲಭ, ಮೂರೇ ಅಕ್ಷರ! ನನ್ನ ಸೋಮಾರಿತನ ಎಂಥ ಗುಂಡಿ ತೋಡಿತು ಎಂದು ಆಮೇಲೆ ತಿಳಿಯಿತು.

ಒಂದು ವಾರದ ನಂತರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಮಾಳಿಗೆಯ ಬಾಗಿಲಲ್ಲಿ ಒಬ್ಬ ಅಜ್ಜ ನಿಂತಿದ್ದರು. ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ಭಂಡಾರ, ಕೈಯಲ್ಲಿ ಮೊಬೈಲು. ಬೇವೂರಿನಿಂದ ಮೊದಲ ಬಸ್ಸು ಹತ್ತಿ ಬಂದಿದ್ದರು.

"ಕುರಿ ಸೂಜಿದು ಮೊಬೈಲದಾಗ ಹಾಕಾವ್ರು ನೀವ ಏನ್ರೀ?" ಎಂದರು.

ಹೌದು ಎಂದೆ. ಅಜ್ಜ ಮೊಬೈಲು ಮುಂದೆ ಹಿಡಿದರು. ಅದರಲ್ಲಿ ನಾನೇ ಬಹಳ ಸೌಜನ್ಯದಿಂದ ಬರೆದಿಟ್ಟ ವಾಕ್ಯ ಹೊಳೆಯುತ್ತಿತ್ತು: "ಕ್ಷಮಿಸಿ, ಈ ಊರು ಸಿಗಲಿಲ್ಲ."

"ಬೇವೂರ ಸಿಗವಲ್ದು ಅಂತೈತಿ ನೋಡವಾ ಇದು! ನಾ ಅಲ್ಲೇ ಹುಟ್ಟೇನಿ, ಎಪ್ಪತ್ತು ವರ್ಸ ಆತು. ಒಂದ ದಿನಾನೂ ನನಗ ಬೇವೂರ ಸಿಗದಂಗ ಆಗಿಲ್ಲ. ಇದಕ್ಕ ಯಾಕ ಸಿಗವಲ್ದು?"

ಚಿಗವ್ವ ಕಿಸಕ್ಕನೆ ನಕ್ಕಳು. ಅಜ್ಜ ನಗಲಿಲ್ಲ. ಹುನಗುಂದದ ಕಡೆ ಒಂದು ಹಿಂಡಿಗೆ ರೋಗ ತಗುಲಿತ್ತಂತೆ. ಅದಕ್ಕೇ ವೈದ್ಯರು ಮುಂದಿನ ವಾರ ಇದ್ದ ಬೇವೂರಿನ ಶಿಬಿರವನ್ನು ಮರುದಿನ ಬೆಳಿಗ್ಗೆಗೇ ಎಳೆದು, ಎಲ್ಲ ಕುರಿಗಾರರಿಗೂ ನಮ್ಮ ಪುಟದ ವಿಳಾಸ ಕಳಿಸಿದ್ದರು. ಒತ್ತಿದವರಿಗೆಲ್ಲ "ಸಿಗಲಿಲ್ಲ" ಎಂಬ ಉತ್ತರ.

"ಸೂಜಿ ಹಾಕೂದ ನಿಂತತಿ ಅಂತ ತಿಳಕೊಂಡು ನಮ್ಮ ಮಂದಿ ಕುರಿ ಹೊಡಕೊಂಡು ಮುಂದಿನ ಊರಿಗೆ ಹೊಂಟ್ಯಾರ" ಎಂದರು ಅಜ್ಜ. "ಡಾಕ್ಟರಿಗೆ ಫೋನ್ ಹಚ್ಚಿದ್ರ ಹತ್ತವಲ್ದು. ನಾ ಹೇಳಿದ್ರ, ಮೊಬೈಲದಾಗ ಇಲ್ಲಲ್ಲೋ ಯಜ್ಜಾ, ನಿನಗೇನ ತಿಳಿತೈತಿ ಅಂತಾರ. ಮಧ್ಯಾಹ್ನದೊಳಗ ತಿರುಗಿ ಹೊಂಟ್ರ ಹೊತ್ತ ಮುಳುಗೂದ್ರಾಗ ಬೇವೂರ ಮುಟ್ಟತಾವ. ಇಲ್ಲಂದ್ರ ಇಲ್ಲ." ಸ್ವಲ್ಪ ತಡೆದು, "ಕುರಿ ಅಂದ್ರ ನಮಗ ಮನಿ ಮಂದಿ ಇದ್ದಂಗ ತಂಗೀ" ಎಂದರು.

ಓಡಿ ಕಂಪ್ಯೂಟರ್ ತೆರೆದೆ. ಹುನಗುಂದ ಒತ್ತಿದೆ, ಸಿಗಲಿಲ್ಲ. ಬದಾಮಿ? ಇಲ್ಲ. ಬಾಗಲಕೋಟೆ? ನಾವು ಕುಳಿತ ಊರೇ ಸಿಗಲಿಲ್ಲ! ಗದಗ ಒತ್ತಿದೆ. ಝಗ್ಗನೆ ಬಂತು.

ಆಗ ಹೊಳೆಯಿತು. ನಾನು ಬರೆದಿದ್ದ ಗೂಢ ಲಿಪಿಗೆ ಕನ್ನಡದ ಬರಿ ಅಕ್ಷರ ಗೊತ್ತಿತ್ತು. ಕೊಂಬು, ಏತ್ವ, ದೀರ್ಘ, ಸೊನ್ನೆ ಯಾವುವೂ ಅಕ್ಷರಗಳೆಂದು ಗೊತ್ತಿರಲಿಲ್ಲ. "ಬ" ಕಂಡರೆ ಬಾ ಎಂದಿತು, ಅದರ ತಲೆಯ ಮೇಲಿನ ಏತ್ವ ಕಂಡದ್ದೇ "ನೀ ಯಾರು?" ಎಂದು ಬಾಗಿಲು ಹಾಕಿತು. ಏತ್ವವಿಲ್ಲ, ಕೊಂಬಿಲ್ಲ, ಸೊನ್ನೆಯಿಲ್ಲ, ಇಡೀ ಪಟ್ಟಿಯಲ್ಲಿ ಹಾಗೆ ಬೋಳುಬೋಳಾಗಿದ್ದ ಊರು ಗದಗ ಒಂದೇ. ಅದು ನಮ್ಮ ಜಿಲ್ಲೆಯೂ ಅಲ್ಲ!

ರಿಪೇರಿಗೆ ಕುಳಿತೆ. ಏತ್ವ ಸೇರಿಸಿದೆ, "ಬೇ" ದಾಟಿತು, "ವೂ"ಗೆ ಮುಗ್ಗರಿಸಿತು. ಕೊಂಬು ಸೇರಿಸಿದೆ; ಬೇವೂರು ಬರುವ ಹೊತ್ತಿಗೆ ಒಂದು ಕಂಸ ಹೆಚ್ಚಾಗಿ ಗದಗವೂ ಹೋಯಿತು! ಸಾಲು ಗೂಡ್ಸ್ ರೈಲಿನಷ್ಟು ಉದ್ದವಾಯಿತು. ಯಾರಾದರೂ ಜಾಣರು ಈಗ, "ಕನ್ನಡದ ಎಲ್ಲ ಚಿಹ್ನೆಗಳನ್ನೂ ಒಂದೇ ಸಲಕ್ಕೆ ಸೇರಿಸಬಹುದಿತ್ತಲ್ಲ?" ಎನ್ನಬಹುದು. ಬಹುದಿತ್ತು. ಆದರೆ ಬೆನ್ನ ಹಿಂದೆ ಕಂಬಳಿ ಹೊದ್ದ ಅಜ್ಜ ನಿಮಿಷಕ್ಕೊಮ್ಮೆ "ಸಿಕ್ಕತೇನವಾ ಬೇವೂರ?" ಎಂದು ಕೇಳುತ್ತಿದ್ದರೆ ನಿಮಗೆ ಹೊಳೆಯುತ್ತಿತ್ತೇ?

ಗಡಿಯಾರ ಹನ್ನೊಂದೂವರೆ ತೋರಿಸಿತು. ಚಿಗವ್ವ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಏಳು."

"ಚಿಗವ್ವಾ, ಇನ್ನೊಂದ ಐದ ನಿಮಿಷ..."

"ಏಳವಾ, ಅಂದೆ."

ಎದ್ದೆ. ಅವಳು ಕುರ್ಚಿಯಲ್ಲಿ ಕುಳಿತು, ನನ್ನ ಗೂಡ್ಸ್ ರೈಲನ್ನು ಇಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ ಅಳಿಸಿ ಹಾಕಿದಳು! ಆ ಜಾಗದಲ್ಲಿ ಒಂದು ಚಿಕ್ಕ ಸಾಲು ಬರೆದಳು. ಒತ್ತಿದಳು. "ಕ್ಷಮಿಸಿ, ಈ ಊರು ಸಿಗಲಿಲ್ಲ!"

ಒಳಗೊಳಗೇ ನನಗೆ ಖುಷಿಯಾಯಿತು. ದೇವರು ನನ್ನನ್ನು ಕ್ಷಮಿಸಲಿ, ಕುರಿಗಳನ್ನು ಮರೆತು ಖುಷಿಪಟ್ಟೆ!

ಚಿಗವ್ವ ಹೆದರಲಿಲ್ಲ. ಕನ್ನಡಕ ಏರಿಸಿ, ಕೈಪಿಡಿ ತೆಗೆದು, ಬೆರಳಿಟ್ಟು ಓದಿದಳು. ಊರಿನ ಹೆಸರಿಗೆ ಅವಳು ಆರಿಸಿಕೊಂಡ ಬಗೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಳಗೆ ಬಿಡುವಂಥದು. ಕೆಳಗೆ ಇನ್ನೊಂದು ಬಗೆ ಇತ್ತು: ಓರೆಗೀಟು ಒಂದನ್ನು ಬಿಟ್ಟು ಯಾವುದೇ ಬಂದರೂ ಒಳಗೆ ಬಿಡು ಎನ್ನುವಂಥದು. "ಇದು ನಮ್ಮ ಮಂದೀ ಪೈಕಿ ನೋಡ!" ಎಂದು ಒಂದೇ ಒಂದು ಪದ ಬದಲಿಸಿದಳು. ಒತ್ತಿದಳು.

ಬೇವೂರು ಬಂತು!

ಹುನಗುಂದ ಬಂತು, ಬದಾಮಿ ಬಂತು, ಇಳಕಲ್ಲು ಬಂತು. ಚಿಗವ್ವ ಒಂದೊಂದು ಊರು ಬಂದಾಗಲೂ ಚಪ್ಪಾಳೆ ಹೊಡೆದಳು. ಅಜ್ಜ ಪರದೆಯ ಹತ್ತಿರ ಬಗ್ಗಿ, ಚಿಗವ್ವ ಬರೆದ ಸಾಲನ್ನು ನಿಧಾನವಾಗಿ ಕೂಡಿಸಿ ಓದಿದರು. ಇಂಗ್ಲಿಷ್ ಅಕ್ಷರಗಳಲ್ಲಿದ್ದರೂ ಅಲ್ಲಿದ್ದದ್ದು ನಮ್ಮದೇ ಮಾತು: ಕುರಿ, ಓರೆಗೀಟು, ಊರು.

"ಕುರಿ... ಊರು..." ಎಂದು ಓದಿ ತಲೆಯೆತ್ತಿದರು. "ಇದು ನನಗೂ ತಿಳೀತಲ್ಲ ಯವ್ವಾ! ಯಾವ ಕುರಿ, ಯಾವ ಊರು ಅಂತ ಕೇಳತೈತಿ, ಹೌದಿಲ್ಲ?"

ಎಪ್ಪತ್ತು ವರ್ಷದ ಆ ಅಜ್ಜನಿಗೆ ಒಂದು ನಿಮಿಷದಲ್ಲಿ ತಿಳಿಯಿತು. ನನ್ನ ಲಿಪಿ ಆರು ವರ್ಷ ಪಕ್ಕದಲ್ಲೇ ಕುಳಿತ ಚಿಗವ್ವನಿಗೆ ತಿಳಿದಿರಲಿಲ್ಲ.

ಅಜ್ಜ ಅಲ್ಲೇ ನಿಂತು ಫೋನ್ ಹಚ್ಚತೊಡಗಿದರು. "ಲೇ, ಈಗ ಒತ್ತಲೇ! ಬಂತಿಲ್ಲ? ನಾ ಹೇಳಲಿಲ್ಲ? ತಿರುಗಸ್ರಿ ಕುರಿ, ತಿರುಗಸ್ರಿ!" ಮಾಳಿಗೆಯ ಮೇಲೆ ನಿಂತು ಇಡೀ ತಾಲೂಕಿನ ಕುರಿಗಳನ್ನು ಅವರೊಬ್ಬರೇ ತಿರುಗಿಸಿದರು. ಹನ್ನೆರಡೂಕಾಲರ ಹೊತ್ತಿಗೆ ಚಿಗವ್ವ ಅವರನ್ನು ಕೂರಿಸಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು.

ಮರುದಿನ ನಾವಿಬ್ಬರೂ ಬೇವೂರಿಗೆ ಹೋದೆವು. ಊರ ಹೊರಗಿನ ಬಯಲಿನಲ್ಲಿ ಎತ್ತ ನೋಡಿದರೂ ಕುರಿ! ಅಜ್ಜ ಎಲ್ಲರಿಗೂ ನಮ್ಮನ್ನು ತೋರಿಸಿ, "ಬೇವೂರ ಹುಡುಕಿ ಕೊಟ್ಟಾವ್ರು ಇವ್ರ" ಎನ್ನುತ್ತಿದ್ದರು. ವೈದ್ಯರು ನಾಲ್ಕು ಕಡೆ ಬೇಲಿ ಕಟ್ಟಿಸಿ, ನಾಲ್ಕು ದಾರಿಗಳಲ್ಲಿ ಕುರಿಗಳನ್ನು ಬಿಡಿಸುತ್ತಿದ್ದರು. ಚಿಗವ್ವನ ಕೈ ಸುಮ್ಮನಿರುತ್ತದೆಯೇ?

"ಇಷ್ಟ್ಯಾಕ್ರೀ ದಾರಿ, ಡಾಕ್ಟರ್? ಒಂದ ದಾರಿ ಸಾಕಲ್ಲ!" ಎಂದು ಮೂರು ಬೇಲಿಗಳನ್ನು ತೆಗೆಸಿಯೇಬಿಟ್ಟಳು.

ವೆಬ್ ವಿಳಾಸ ಬೇರೆ, ಕುರಿ ಬೇರೆ! ಮುಂದಿನ ಕುರಿಗೆ ಸೂಜಿ ಕಂಡಿತು, ಹಿಂದಕ್ಕೆ ತಿರುಗಿತು. ಅದು ತಿರುಗಿದ್ದೇ ಎಲ್ಲವೂ ತಿರುಗಿದವು. ಬಿಳಿ ಕರಿ ಉಣ್ಣೆಯ ಒಂದು ಹೊಳೆ ಡಾಂಬರು ರಸ್ತೆಗೆ ನುಗ್ಗಿ, ಬಾಗಲಕೋಟೆಯಿಂದ ಬರುತ್ತಿದ್ದ ಬಸ್ಸನ್ನು ಸುತ್ತುವರಿಯಿತು. ಚಿಗವ್ವ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದಳು. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯವ್ವಾರ, ನಮ್ಮ ಬಸ್ಸಿಗೂ ಸೂಜಿ ಹಾಕಸ್ತೀರೇನು?" ಎಂದ.

"ಬಾ ಇಳಿ, ಮೊದಲ ನಿನಗ ಹಾಕಸ್ತೇನಿ!" ಎಂದಳು ಚಿಗವ್ವ. ಬಸ್ಸಿನಲ್ಲಿದ್ದವರೂ ಇಳಿದು ಕುರಿ ಹಿಡಿಯಲು ನಿಂತರು. ವೈದ್ಯರು ಆ ಮೂರೂ ಬೇಲಿಗಳನ್ನು ಮತ್ತೆ ಕಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಬಂದಿದ್ದ ಅಷ್ಟೂ ಕುರಿಗಳಿಗೆ ಲಸಿಕೆ ಬಿದ್ದಿತ್ತು. ಆ ಸಲ ಬೇವೂರಿನ ಹಿಂಡುಗಳಿಗೆ ರೋಗ ತಗುಲಲಿಲ್ಲ.

ಇದಾದ ಮೇಲೆ ಕೆಲವು ದಿನಗಳಿಗೆ ನನಗೊಂದು ಪತ್ರ ಬಂತು. ಧಾರವಾಡದಲ್ಲಿ ಎರಡು ವರ್ಷ ಮುಂದೆ ಓದಲು ಅರ್ಜಿ ಹಾಕಿದ್ದೆ, ಸೀಟು ಸಿಕ್ಕಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಚಿಗವ್ವನಿಗಂತೂ ಹೇಗೆ ಹೇಳುವುದು? ಕುರಿಯದು ಬಿಟ್ಟರೂ ನನ್ನ ಲಿಪಿಯ ಹನ್ನೊಂದು ವೆಬ್‌ಸೈಟುಗಳನ್ನು ಯಾರು ನೋಡಿಕೊಳ್ಳುತ್ತಾರೆ? ಪತ್ರ ನಮ್ಮ ಅಂಗಡಿಯ ಇಮೇಲಿಗೇ ಬಂದಿತ್ತು. ಎರಡು ಸಲ ಓದಿ, ಅಳಿಸಿ ಹಾಕಿದೆ. ಅಳಿಸಿದ ಪತ್ರ ಒಂದು ತಿಂಗಳು ಕಸದ ಬುಟ್ಟಿಯಲ್ಲೇ ಕುಳಿತಿರುತ್ತದೆ ಎಂಬುದನ್ನು, ಇಷ್ಟು ಕಲಿತ ನಾನು, ಮರೆತೇಬಿಟ್ಟಿದ್ದೆ!

ಆ ತಿಂಗಳೆಲ್ಲ ಚಿಗವ್ವನಿಗೆ ಹುಚ್ಚು ಹಿಡಿದ ಹಾಗಿತ್ತು. ಎರಡು ಮೂರು ದಿನಕ್ಕೊಂದು ವೆಬ್‌ಸೈಟು ತೆಗೆದು ಕೂರುತ್ತಿದ್ದಳು. ನನ್ನ ಸಾಲುಗಳನ್ನು ಅಳಿಸುತ್ತಿದ್ದಳು, ತನ್ನ ಸಾಲು ಬರೆಯುತ್ತಿದ್ದಳು. ವಸತಿಗೃಹ ಕೆಡುತ್ತಿತ್ತು, ಸರಿಹೋಗುತ್ತಿತ್ತು. ಸೀರೆ ಅಂಗಡಿ ಒಂದು ಮಧ್ಯಾಹ್ನವಿಡೀ ಸೈಕಲ್ ಬಾಡಿಗೆಯ ಪುಟ ತೋರಿಸಿತು, ಇಳಕಲ್ಲಿನ ವ್ಯಾಪಾರಿ ಫೋನ್ ಮಾಡಿ, "ಸೈಕಲ್ಲಿಗೆ ಸೆರಗು ಯಾವ ಕಡಿ ಬರತೈತ್ರೀ?" ಎಂದರು. ನಾನು ಸಹಾಯಕ್ಕೆ ಹೋದರೆ, "ನೀ ಸುಮ್ನ ಕುಂದರು, ನಾನ ಮಾಡಬೇಕಿದು" ಎಂದು ಗದರಿದಳು. ನನಗೆ ಭಾರೀ ಸಿಟ್ಟು ಬಂತು. ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ನನ್ನ ಆರು ವರ್ಷಗಳನ್ನು ಸಾಲು ಸಾಲಾಗಿ ಅಳಿಸುತ್ತಿದ್ದಾಳೆ ಎಂದುಕೊಂಡೆ. ನನ್ನಿಂದ ಇವಳಿಗೆ ಇನ್ನೇನೂ ಆಗಬೇಕಾಗಿಲ್ಲ ಎಂದುಕೊಂಡೆ.

ಹನ್ನೊಂದನೆಯದು ಮುಗಿದ ದಿನ ಸಂಜೆ ಅವಳು ಚಹಾ ಮಾಡಲು ಕೆಳಗೆ ಹೋದಳು. ಎಲ್ಲಿ ತಪ್ಪಿದ್ದಾಳೋ ನೋಡೋಣ ಎಂಬ ಕೆಟ್ಟ ಆಸೆಯಿಂದ ನಾನು ಕಡತ ತೆರೆದೆ. ತಪ್ಪಿರಲಿಲ್ಲ. ಪ್ರತಿ ಸಾಲಿನ ಪಕ್ಕದಲ್ಲೂ ಕನ್ನಡದಲ್ಲಿ ಒಂದು ಟಿಪ್ಪಣಿ: ಇದು ಸೀರಿ, ಇದು ಖೋಲಿ, ಇದು ಸೈಕಲ್ಲು. ಯಂತ್ರ ಓದದೆ ದಾಟಿಹೋಗುವ, ಮನುಷ್ಯರಷ್ಟೇ ಓದುವ ಸಾಲುಗಳವು. ಕೆಳಗೆ ಕೆಳಗೆ ಹೋದೆ. ಎಲ್ಲ ವಿಳಾಸಗಳೂ ಮುಗಿದ ಮೇಲೆ, ಕಡತದ ತೀರಾ ಕೊನೆಯಲ್ಲಿ ಹೀಗಿತ್ತು:

"ಇಷ್ಟ. ಈಗ ಎಲ್ಲಾ ನನಗ ಓದಾಕ ಬರತೈತಿ, ನಾನೊಬ್ಬಾಕಿನ ನೋಡ್ಕೋತೇನಿ. ಧಾರವಾಡಕ್ಕ ಹೋಗಿ ಬಾ."

ಅಕ್ಷರಗಳು ಮಂಜಾದವು. ಚಿಗವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ತಿರುಗಿ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಕಂಪ್ಯೂಟರಿನ ಕಡೆ ನೋಡಿದಳು.

"ಅಳೂದಿದ್ರ ಇತ್ಲಾಗ ಬಂದು ಅಳವಾ. ಕೀಬೋರ್ಡಿನ್ಯಾಗ ನೀರ ಹೋದ್ರ ನಾಳಿಂದ ನಾ ಕೆಲಸಾ ಹೆಂಗ ಮಾಡ್ಲಿ?"

ಎದ್ದು ಅವಳ ಹತ್ತಿರ ಹೋದೆ. ಚಹಾ ಆರಿತು.